ಹಾರುವ ತಟ್ಟೆ ಬಂದರೂ ಬೆರಗಾಗುವವರಿಲ್ಲ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಪೂರ್ವ ಭಾಗದಲ್ಲಿ ಭಾರೀ ಸದ್ದೊಂದು ಕೇಳಿಸಿತು. ಮನೆಗಳ ಕಿಟಕಿ ಬಾಗಿಲು ಅದುರಿದವು. ಭೂಕಂಪವಿರಬೇಕು ಎಂದುಕೊಂಡರೆ ಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಲಾಕ್‌ಡೌನಿನಲ್ಲಿ ಮನೆ ಹಿಡಿದು ಕೂತಿದ್ದ ಹುಡುಗರ ಮೊಬೈಲಿಗೆ ಅಷ್ಟರಲ್ಲಿ ಅನ್ಯಗ್ರಹ ಜೀವಿಗಳು ಬಂದಿಳಿದಾಗಿತ್ತು, ಮೀಮುಗಳ ರೂಪದಲ್ಲಿ. ಕೊರೊನಾ ಆಯಿತು, ಇನ್ನು ಇವರೊಬ್ಬರು ಬಾಕಿ ಇದ್ದರು ಎಂಬ ಧಾಟಿ. ಅದು ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಶಬ್ದದ ವೇಗವನ್ನು ದಾಟಿದಾಗ ಎದ್ದ ಸದ್ದು ಎಂದು ರಕ್ಷಣಾ ಇಲಾಖೆ ಅದೇ ದಿನ ಹೇಳಿತು. ಅಲ್ಲಿಗೆ ಕಥೆ ಮುಗಿಯಿತು.

ನಮ್ಮ ಯುವಜನರಿಗೂ ಹಾರುವ ತಟ್ಟೆಗಳಿಗೂ ಈಗ ಇರುವ ನಂಟು ಇಷ್ಟೇ. ನಂಬಿಕೆಯಿಲ್ಲ, ಹೆದರಿಕೆಯಿಲ್ಲ, ಕುತೂಹಲವೂ ಒಂದು ಸಂಜೆಯಾಚೆ ಉಳಿಯುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಕೋಲಾರದ ಹುತ್ತೂರು ಹೋಬಳಿಯಿರಲಿ, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿರಲಿ, ಕತ್ತಲಲ್ಲಿ ಕೆರೆಯಂಗಳದಾಚೆ ತೇಲುವ ಬೆಳಕು ಕಂಡರೆ ಅದಕ್ಕೊಂದು ಹೆಸರು ಸಿದ್ಧವಿತ್ತು: ಕೊಳ್ಳಿದೆವ್ವ. ಹಳ್ಳಿಗೆ ಕರೆಂಟು ಬಂದು, ಕೈಗೆ ಟಾರ್ಚು ಬಂದ ಮೇಲೆ ಕೊಳ್ಳಿದೆವ್ವಗಳು ಒಂದೊಂದಾಗಿ ಊರು ಬಿಟ್ಟವು. ಆಮೇಲೆ ಆ ಜಾಗಕ್ಕೆ ಬಂದದ್ದು ಪುಸ್ತಕದ ಬೆರಗು. 1947ರ ಜೂನ್ 24ರಂದು ಅಮೆರಿಕದ ಪೈಲಟ್ ಕೆನ್ನೆತ್ ಅರ್ನಾಲ್ಡ್ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆ ಎಂದದ್ದರಿಂದ ಶುರುವಾದ ಹಾರುವ ತಟ್ಟೆಗಳ ಗದ್ದಲ ಕನ್ನಡಕ್ಕೆ ನಿಧಾನವಾಗಿ ಬಂತು, ಬಂದಾಗ ಒಳ್ಳೆಯ ಕೈಯಲ್ಲೇ ಬಂತು. ಪೂರ್ಣಚಂದ್ರ ತೇಜಸ್ವಿ 1990ರ ದಶಕದಲ್ಲಿ ‘ಫ್ಲೈಯಿಂಗ್ ಸಾಸರ್’ ಹೆಸರಿನಲ್ಲಿ ಎರಡು ಭಾಗಗಳ ಪುಸ್ತಕವನ್ನೇ ತಂದರು. ಆಗಿನ ಹೈಸ್ಕೂಲು, ಕಾಲೇಜಿನವರಿಗೆ ಗ್ರಂಥಾಲಯದಿಂದ ತಂದು ಓದಿ, ಹಾಸ್ಟೆಲಿನ ತಾರಸಿಯ ಮೇಲೆ ವಾರಗಟ್ಟಲೆ ವಾದ ಮಾಡಲು ಅದು ಸಾಕಾಗಿತ್ತು. ವಾದಕ್ಕೆ ತೆರೆ ಎಳೆಯಬಲ್ಲ ಯಂತ್ರ ಯಾರ ಜೇಬಿನಲ್ಲೂ ಇರಲಿಲ್ಲ.

ಈಗ ಅದು ಎಲ್ಲರ ಜೇಬಿನಲ್ಲೂ ಇದೆ. ಸಂಜೆಯ ಆಕಾಶದಲ್ಲಿ ದೀಪಗಳ ಸಾಲೊಂದು ಮೆರವಣಿಗೆ ಹೊರಟಂತೆ ಸಾಗಿದರೆ, ಅದು ಸ್ಟಾರ್‌ಲಿಂಕ್ ಉಪಗ್ರಹಗಳು ಎಂದು ಯಾರೋ ಒಬ್ಬರು ನಿಮಿಷಗಳಲ್ಲಿ ವಾಟ್ಸ್‌ಆಪ್ ಗುಂಪಿಗೆ ಹಾಕುತ್ತಾರೆ. ತಲೆಯ ಮೇಲೆ ಹೋಗುವ ವಿಮಾನ ಎಲ್ಲಿಂದ ಎಲ್ಲಿಗೆ ಹೊರಟಿದೆ ಎಂದು ಆಪ್ ಹೇಳುತ್ತದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಬೆಂಕಿಯುಂಡೆಗಳು ಉರಿದು, ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆ ಬಿದ್ದಿತ್ತು. ಅದು ಚೀನಾದ ರಾಕೆಟ್ಟಿನ ಚೂರು ಎಂದು ತಿಳಿದವರು ಬೇಗನೆ ಲೆಕ್ಕ ಹಾಕಿದರು. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ದೈತ್ಯ ಬಲೂನು ಉಪಕರಣ ಸಮೇತ ಬಂದು ಬಿದ್ದಾಗ ಊರೇ ನೆರೆಯಿತು. ಅದು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸಂಶೋಧನೆಗೆಂದು ಹಾರಿಸಿದ್ದು ಎಂದು ಗೊತ್ತಾಯಿತು.

ಉತ್ತರ ಇಷ್ಟು ಬೇಗ ಸಿಗುವಾಗ ಪ್ರಶ್ನೆ ಬಲಿಯುವುದಾದರೂ ಯಾವಾಗ? 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಮೇಲೆ ಗುರುತು ಸಿಗದ ವಸ್ತುವೊಂದು ಕಂಡು, ವಿಮಾನ ಸಂಚಾರವನ್ನು ಗಂಟೆಗಟ್ಟಲೆ ನಿಲ್ಲಿಸಿ, ಹುಡುಕಲು ರಫೇಲ್ ಯುದ್ಧವಿಮಾನಗಳನ್ನೇ ಕಳಿಸಿದ್ದರು. ಅದೂ ಇಲ್ಲಿ ಒಂದೆರಡು ದಿನದ ಸುದ್ದಿಯಾಗಿ ಕಳೆದುಹೋಯಿತು. ಅಮೆರಿಕದ ಸಂಗತಿ ಬೇರೆ. ಅಲ್ಲಿನ ವಾಯುಪಡೆ 1969ರಲ್ಲಿ ‘ಬ್ಲೂ ಬುಕ್’ ತನಿಖೆಯನ್ನು ಮುಚ್ಚುವ ಹೊತ್ತಿಗೆ 12,618 ಪ್ರಕರಣ ನೋಡಿ, 701ಕ್ಕೆ ವಿವರಣೆ ಸಿಗಲಿಲ್ಲ ಎಂದಿತ್ತು. ಆ 701ರ ಸುತ್ತ ಸಿನಿಮಾ, ಮ್ಯೂಸಿಯಂ, ಸಂಸತ್ತಿನ ವಿಚಾರಣೆ ಎಲ್ಲವೂ ಬೆಳೆದವು. ನಮ್ಮಲ್ಲಿ ಅಂಥ ಕಡತವೂ ಇಲ್ಲ, ಅದನ್ನು ಸರ್ಕಾರ ಬಚ್ಚಿಟ್ಟಿದೆ ಎಂಬ ರೋಚಕ ಗುಮಾನಿಯೂ ಇಲ್ಲ. ಸರ್ಕಾರ ಬಚ್ಚಿಟ್ಟಿದೆ ಎಂದು ನಮ್ಮ ಹುಡುಗರು ಅನುಮಾನಿಸುವುದು ಪರೀಕ್ಷೆಯ ಪ್ರಶ್ನೆಪತ್ರಿಕೆ, ನೇಮಕಾತಿ ಪಟ್ಟಿಗಳ ವಿಷಯದಲ್ಲಿ.

ಇನ್ನೊಂದು ಕಾರಣ ಹೊಟ್ಟೆಪಾಡಿನದು. ನರಸಾಪುರ, ವೇಮಗಲ್‌ನ ಕಾರ್ಖಾನೆಗಳಿಗೆ ರಾತ್ರಿ ಪಾಳಿಯ ಬಸ್ಸು ಹತ್ತುವವರಿಗೆ, ಮಾಲೂರಿನಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರಿಗೆ ಆಕಾಶ ನೋಡುತ್ತ ನಿಲ್ಲುವ ಪುರುಸೊತ್ತಿಲ್ಲ. ಬೆಂಗಳೂರಿನ ಅಂಚಿನವರಿಗೆ ಆಕಾಶವೂ ಒಂದು ಕೆಲಸದ ಜಾಗ. ಎಚ್‌ಎಎಲ್ ವಿಮಾನಗಳು, ಯಲಹಂಕದ ಏರ್ ಶೋ, ಇಸ್ರೋ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದವರಿಗೆ ಬಾಹ್ಯಾಕಾಶ ಎಂದರೆ ಅಲ್ಲಿಂದ ಯಾರೋ ಬರುವುದಲ್ಲ, ಇಲ್ಲಿಂದ ನಾವು ಹೋಗುವುದು.

ಹಾಗಂತ ಎಲ್ಲರೂ ವಿಚಾರವಾದಿಗಳಾದರು ಎಂದುಕೊಳ್ಳಬೇಕಿಲ್ಲ. ಆಕಾಶದ ದೀಪಕ್ಕೆ ನಕ್ಕು ಸುಮ್ಮನಾಗುವ ಅದೇ ಹುಡುಗ, ಎಲ್ಲೋರದ ಕೈಲಾಸ ದೇಗುಲವನ್ನು ಕಟ್ಟಿದ್ದು ಅನ್ಯಗ್ರಹದವರು ಎಂಬ ರೀಲನ್ನು ನಾಲ್ಕು ಜನಕ್ಕೆ ಕಳಿಸಿರುತ್ತಾನೆ. ಕುರುಡುಮಲೆಯ ಗಣಪನನ್ನು ತ್ರಿಮೂರ್ತಿಗಳೇ ಪ್ರತಿಷ್ಠಾಪಿಸಿದರೆಂಬ ಸ್ಥಳಪುರಾಣ ಮೊದಲೇ ಇರುವುದರಿಂದ ಅಲ್ಲಿ ಅನ್ಯಗ್ರಹದವರಿಗೆ ಜಾಗ ಸಿಕ್ಕಿಲ್ಲ, ಅಷ್ಟು ಪುಣ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದರು. ಅವರು ಇದ್ದಿದ್ದರೆ ರೀಲುಗಳಿಗೂ ಒಂದು ಸಮಿತಿ ಬೇಕೆನ್ನುತ್ತಿದ್ದರೇನೋ.

ವಿಪರ್ಯಾಸವೆಂದರೆ, ನಿಜವಾಗಿಯೂ ಗುರುತು ಸಿಗದ ಸಂಗತಿಯೊಂದು ಕೋಲಾರ ಜಿಲ್ಲೆಯಲ್ಲೇ ಇದೆ. ಇರುವುದು ಆಕಾಶದಲ್ಲಲ್ಲ, ನೆಲದೊಳಗೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ಆ ಪ್ರಯೋಗಗಳಲ್ಲಿ ಬೆರಳೆಣಿಕೆಯ ವಿಚಿತ್ರ ಘಟನೆಗಳೂ ದಾಖಲಾದವು. ಯಾವುದೋ ಕಣ ಸುರಂಗದ ಖಾಲಿ ಗಾಳಿಯಲ್ಲೇ ಒಡೆದು ಕವಲಾದಂತೆ ಕಾಣುವ ಜಾಡುಗಳು. 1975ರಲ್ಲಿ ಅವು ಪ್ರಕಟವಾದಾಗಿನಿಂದ ಭೌತವಿಜ್ಞಾನಿಗಳು ಅವನ್ನು ‘ಕೋಲಾರ ಘಟನೆಗಳು’ ಎಂದೇ ಕರೆಯುತ್ತಾರೆ. ಅಂಥ ಕಣಕ್ಕಾಗಿ ಆಮೇಲೆ ವೇಗವರ್ಧಕಗಳಲ್ಲಿ ಹುಡುಕಿದರು, ಸಿಗಲಿಲ್ಲ. ಅವು ಕಪ್ಪುದ್ರವ್ಯದ ಸುಳಿವು ಇರಬಹುದೇ ಎಂದು 2014ರಲ್ಲೂ ಭಾರತದ ಇಬ್ಬರು ಭೌತವಿಜ್ಞಾನಿಗಳು ಪ್ರಬಂಧ ಬರೆದರು. ಯಾವ ಆಪ್ ತೆರೆದರೂ ಇದಕ್ಕೆ ಉತ್ತರವಿಲ್ಲ. ಕೆಜಿಎಫ್ ಎಂದರೆ ಯಶ್ ಸಿನಿಮಾದ ಡೈಲಾಗು ಹೇಳುವ ಎಷ್ಟು ಮಂದಿಗೆ ಇದು ಗೊತ್ತಿದ್ದೀತು? ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಅದೂ ರಾಷ್ಟ್ರೀಯ ವಿಜ್ಞಾನ ದಿನದಂದೇ.

ಹಾರುವ ತಟ್ಟೆಗಳ ಮೇಲಿನ ಆಸಕ್ತಿ ಹೋದದ್ದಕ್ಕೆ ಯಾರೂ ಅಳಬೇಕಿಲ್ಲ. ಅದರ ಜೊತೆಗೆ ತಲೆ ಎತ್ತಿ ನೋಡುವ ಅಭ್ಯಾಸವೂ ಹೋದದ್ದು ಮಾತ್ರ ನಷ್ಟ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಕೇಂದ್ರ ಕೋಲಾರದ ಪಕ್ಕದ ಹೊಸಕೋಟೆಯಲ್ಲೇ ಇದೆ. ಗಡಿ ದಾಟಿದರೆ ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿ ಕಾವಲೂರು ವೀಕ್ಷಣಾಲಯ, ಅಲ್ಲಿನ 2.34 ಮೀಟರಿನ ದೂರದರ್ಶಕ 1986ರಿಂದ ಕೆಲಸ ಮಾಡುತ್ತಿದೆ. ಕೋಲಾರದ ಮೇಷ್ಟ್ರುಗಳು ಮುಂದಿನ ಶಾಲಾ ಪ್ರವಾಸದ ಪಟ್ಟಿಯಲ್ಲಿ ಕೋಟಿಲಿಂಗೇಶ್ವರ, ಅಂತರಗಂಗೆಯ ಜೊತೆ ಕಾವಲೂರನ್ನೂ ಬರೆದುಕೊಳ್ಳಲಿ. ಅಲ್ಲಿ ಸಾರ್ವಜನಿಕರಿಗೆ ಪ್ರವೇಶವಿರುವುದು ಶನಿವಾರಗಳಂದು.