ಕುಂಬಾರನೂ ಜೇಡಿಯೂ: ದೇವರ ಆಯ್ಕೆಯಲ್ಲಿ ನ್ಯಾಯವುಂಟೇ?

ಖಾನಾಪುರದ ಜೇಡಿಮಣ್ಣಿಗೆ ಹೆಸರಿದೆ. ಖಾದಿ ಗ್ರಾಮೋದ್ಯೋಗದವರು ಕುಂಬಾರಿಕೆ ಕಲಿಸುವ ಸಂಸ್ಥೆಯನ್ನು ಹುಡುಕಿಕೊಂಡು ಬಂದು ಅಲ್ಲಿ ತೆರೆದುದು ಸುಮ್ಮನೆ ಅಲ್ಲ. ತಿಗರಿಯ ಮುಂದೆ ಕುಳಿತವನು ಒಂದೇ ಮುದ್ದೆಯಿಂದ ಒಂದು ಹಿಡಿ ತೆಗೆದು ದೇವರ ಮುಂದಿನ ಹಣತೆ ಮಾಡುತ್ತಾನೆ; ಮತ್ತೊಂದು ಹಿಡಿ ತೆಗೆದು ಕಲಗಚ್ಚಿನ ಬಾನಿ ಮಾಡುತ್ತಾನೆ. ಬಾನಿಯೆದ್ದು ಕುಂಬಾರನೊಡನೆ ಜಗಳಕ್ಕೆ ನಿಲ್ಲುವುದುಂಟೇ? ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಎತ್ತಿಕೊಂಡ ಉಪಮೆ ಇದೇ.

ಪೌಲನಿಗೆ ಆ ಉಪಮೆ ಬೇಕಾದುದಕ್ಕೆ ಕಾರಣವಿತ್ತು. ಏಸಾವ, ಯಾಕೋಬ ಎಂಬ ಅವಳಿ ಮಕ್ಕಳ ಕಥೆಯನ್ನು ಅವನು ಆಗತಾನೇ ಹೇಳಿ ಮುಗಿಸಿದ್ದ. ಇಬ್ಬರೂ ಇನ್ನೂ ತಾಯಿಯ ಗರ್ಭದಲ್ಲಿದ್ದಾಗ, ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡುವ ಮೊದಲೇ, ದೇವರು ಕಿರಿಯನನ್ನು ಆರಿಸಿಕೊಂಡನೆಂಬುದು ಆ ಕಥೆ. ಹಾಗಾದರೆ ಹಿರಿಯನು ಮಾಡಿದ ತಪ್ಪೇನು? ರಕ್ಷಣೆ ದೇವರ ಆಯ್ಕೆಯಿಂದ ಮಾತ್ರ ಬರುವುದಾದರೆ, ಆಯ್ಕೆಯಾಗದೆ ಉಳಿದವನಿಗೆ ಶಿಕ್ಷೆ ವಿಧಿಸುವುದು ಯಾವ ನ್ಯಾಯ? ಇದನ್ನು ಕೇಳಲು ಪಂಡಿತರೇ ಆಗಬೇಕಾಗಿಲ್ಲ. ತಟ್ಟೆಯಲ್ಲಿ ಅಣ್ಣನಿಗಿಂತ ಒಂದು ಉಂಡೆ ಕಡಿಮೆ ಬಿದ್ದ ಮಗುವೂ ಕೇಳುತ್ತದೆ.

ಪ್ರಶ್ನೆಗೆ ಗಟ್ಟಿಯಾದ ಉತ್ತರವೊಂದನ್ನು ಕಟ್ಟಿದವನು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ (354-430). ಮನುಷ್ಯನು ತನ್ನ ಸಂಕಲ್ಪಬಲದಿಂದಲೇ ನೀತಿವಂತನಾಗಬಲ್ಲನೆಂದು ಪೆಲಾಗಿಯಸ್ ಎಂಬವನು ವಾದಿಸುತ್ತಿದ್ದ. ಅಗಸ್ಟೀನ್ ಅದನ್ನು ಒಪ್ಪಲಿಲ್ಲ. ಆದಿಪುರುಷನ ಪಾಪದಲ್ಲಿ ಎಲ್ಲರೂ ಪಾಲುಗಾರರು. ಎಲ್ಲರೂ ದಂಡನೆಗೆ ಅರ್ಹರು. ಕೆಲವರಿಗೆ ಕ್ಷಮೆ ದೊರೆತರೆ ಅದು ಕೃಪೆ, ಉಳಿದವರಿಗೆ ದಂಡನೆಯಾದರೆ ಅದು ನ್ಯಾಯ, ಅನ್ಯಾಯವಾದುದು ಯಾರಿಗೂ ಅಲ್ಲ ಎಂದು ಅವನ ತರ್ಕ.

ಬೆಳಗಾವಿಯವರಿಗೆ ಹತ್ತಿರದ ದೃಷ್ಟಾಂತ ಬೇಕಾದರೆ ಹಿಂಡಲಗಾ ಕಾರಾಗೃಹವನ್ನು ನೆನೆಯಬಹುದು. ನೂರು ಮಂದಿ ಅಪರಾಧಿಗಳಲ್ಲಿ ಹತ್ತು ಮಂದಿಯನ್ನು ಸರ್ಕಾರ ಅವಧಿಗೆ ಮುನ್ನ ಬಿಡುಗಡೆ ಮಾಡಿತೆನ್ನಿ. ಉಳಿದ ತೊಂಬತ್ತು ಮಂದಿ ನ್ಯಾಯಾಲಯಕ್ಕೆ ಹೋಗಿ, ನಮ್ಮ ಶಿಕ್ಷೆಯೇ ತಪ್ಪೆನ್ನಲು ಬರುವುದಿಲ್ಲ. ಸರಿಯೇ. ಆದರೆ ಆ ಹತ್ತು ಮಂದಿಯನ್ನು ಯಾವ ಲೆಕ್ಕದ ಮೇಲೆ ಆರಿಸಿದಿರಿ ಎಂದು ಅವರು ಕೇಳದೆ ಬಿಡುವರೇ? ಸನ್ನಡತೆಯ ಲೆಕ್ಕವೆಂದರೆ ಅದು ಕೃಪೆಯಲ್ಲ, ಸಂಬಳವಾಯಿತು. ಲೆಕ್ಕವೇ ಇಲ್ಲವೆಂದರೆ ಚೀಟಿ ಎತ್ತಿದಂತಾಯಿತು. ಅಗಸ್ಟೀನನ ವಾದಕ್ಕೆ ತರ್ಕದಲ್ಲಿ ಬಿರುಕಿಲ್ಲ. ಮನಸ್ಸು ಮಾತ್ರ ಅದರಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ.

ಮುಂದಿನ ಕಥೆ ಯುರೋಪಿನದು, ಬೇಗ ಹೇಳಬಹುದು. ಜಿನೀವಾದ ಕ್ಯಾಲ್ವಿನ್ (1509-1564) ಅಗಸ್ಟೀನನ ಮಾತನ್ನು ಕೊನೆಯವರೆಗೂ ಎಳೆದು, ರಕ್ಷಣೆಯಂತೆ ನಾಶವೂ ದೇವರ ಪೂರ್ವನಿರ್ಣಯವೇ ಎಂದನು. ಹಾಲೆಂಡಿನ ಅರ್ಮಿನಿಯಸ್ ಇದಕ್ಕೆ ಎದುರು ನಿಂತು, ಯಾರು ನಂಬುವರೆಂಬುದನ್ನು ದೇವರು ಮೊದಲೇ ಬಲ್ಲನು, ಬಲ್ಲುದರಿಂದ ಆರಿಸಿದನು ಎಂದನು. 1618-19ರಲ್ಲಿ ಡಾರ್ಟ್ ಪಟ್ಟಣದಲ್ಲಿ ನಡೆದ ಸಭೆ ಅರ್ಮಿನಿಯಸನ ಅನುಯಾಯಿಗಳನ್ನು ಖಂಡಿಸಿತು. ನೂರಿಪ್ಪತ್ತು ವರ್ಷಗಳ ಮೇಲೆ, 1739ರಲ್ಲಿ, ಇಂಗ್ಲೆಂಡಿನ ಜಾನ್ ವೆಸ್ಲಿ ಬ್ರಿಸ್ಟಲಿನಲ್ಲಿ ಮಾಡಿದ ಒಂದು ಉಪದೇಶದಲ್ಲಿ ಕ್ಯಾಲ್ವಿನನ ಪಂಥವನ್ನು ಮುಖಕ್ಕೆ ಹೊಡೆದಂತೆ ನಿರಾಕರಿಸಿದ. ತನ್ನ ಆಪ್ತಮಿತ್ರ ವೈಟ್‌ಫೀಲ್ಡನೊಡನೆ ಇದಕ್ಕಾಗಿಯೇ ಅವನ ಮನಸ್ಸು ಮುರಿಯಿತು. 1784ರಲ್ಲಿ ಅಮೆರಿಕದ ಮೆಥೊಡಿಸ್ಟರಿಗಾಗಿ ಆಂಗ್ಲಿಕನ್ ಸಭೆಯ 39 ವಿಧಿಗಳನ್ನು ಅವನು ಸಂಕ್ಷೇಪಿಸಿಕೊಟ್ಟಾಗ, ಪೂರ್ವನಿರ್ಣಯವನ್ನು ಹೇಳುವ 17ನೆಯ ವಿಧಿ ಅದರಲ್ಲಿ ಇರಲೇ ಇಲ್ಲ.

ಇದು ನಮ್ಮೂರಿಗೇಕೆ ಎನ್ನಬೇಡಿ. 1820ರಲ್ಲಿ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಕೆಲಸ ಆರಂಭಿಸಿದರು. ಆ ಸಂಸ್ಥೆ ಯಾವ ಒಂದು ಪಂಥಕ್ಕೂ ಕಟ್ಟುಬಿದ್ದುದಲ್ಲವಾದರೂ ಅದರ ಬೆನ್ನೆಲುಬಾಗಿದ್ದ ಕಾಂಗ್ರಿಗೇಷನಲ್ ಸಭೆಗಳು ಕ್ಯಾಲ್ವಿನನ ಮನೆತನದವು. 1904ರಲ್ಲಿ ಬೆಳಗಾವಿಯ ಈ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ಇವರು ವೆಸ್ಲಿಯ ಮನೆತನದವರು. ಇಂಗ್ಲೆಂಡಿನಲ್ಲಿ ಮಿತ್ರರನ್ನು ಅಗಲಿಸಿದ ಎರಡು ಬೋಧನೆಗಳಿಗೂ ಹೀಗೆ ಬೆಳಗಾವಿಯ ಕ್ರೈಸ್ತರು ವಾರಸುದಾರರಾದರು. ಬೇನನ್ ಸ್ಮಿತ್ ಶಾಲೆಯ ಮುಂದೆ ದಿನವೂ ಹಾದುಹೋಗುವ ನಮಗೆ ಇದು ಹೊಳೆಯುವುದಿಲ್ಲ.

ವೆಸ್ಲಿಯ ಉತ್ತರವೇನು? ಮನುಷ್ಯನು ತಾನಾಗಿ ದೇವರ ಕಡೆಗೆ ತಿರುಗಲಾರನೆಂಬುದನ್ನು ಅವನೂ ಒಪ್ಪುತ್ತಾನೆ. ಆದರೆ ತಿರುಗುವಷ್ಟು ಶಕ್ತಿ ಕೊಡುವ ಮುಂಗೃಪೆಯೊಂದು ಎಲ್ಲರ ಮೇಲೂ ಸುರಿದಿದೆ, ಅದನ್ನು ತಳ್ಳಿಹಾಕುವ ಸ್ವಾತಂತ್ರ್ಯ ಮಾತ್ರ ನಮ್ಮದು ಎನ್ನುತ್ತಾನೆ. ಕೇಳಲು ಹಿತವಾಗಿದೆ. ಆದರೆ ಕಣಕುಂಬಿಯಲ್ಲಿ ಸುರಿಯುವ ಮಳೆಯೇ ಅಥಣಿಯಲ್ಲಿಯೂ ಸುರಿಯುವುದೇ? ಒಂದೇ ಜಿಲ್ಲೆ, ಒಂದು ಕಡೆ ಮಲಪ್ರಭೆ ಹುಟ್ಟುವಷ್ಟು ನೀರು, ಇನ್ನೊಂದು ಕಡೆ ಮುಗಿಲು ನೋಡುತ್ತ ಕೂತ ರೈತ. ಸುವಾರ್ತೆಯೂ ಭೂಮಿಯ ಮೇಲೆ ಎಲ್ಲ ಕಡೆಯೂ ಒಂದೇ ಸಮನಾಗಿ ಬಿದ್ದಿಲ್ಲ.

ಪ್ರಶ್ನೆ ನಿಜವಾಗಿ ಚುಚ್ಚುವುದು ಇಲ್ಲಿ. ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕೆ. ಅಲ್ಲಿ ದೊರೆತ ಐದನೆಯ ಶತಮಾನದ ತಾಮ್ರಪಟಗಳು ಜೈನರಿಗೆ ಕೊಟ್ಟ ದಾನಗಳನ್ನು ಹೇಳುತ್ತವೆ. ಹೆಚ್ಚು ಕಡಿಮೆ ಅಗಸ್ಟೀನನು ಆಯ್ಕೆಯ ಬಗ್ಗೆ ಬರೆಯುತ್ತಿದ್ದ ಕಾಲವೇ. ಜಿನಾಲಯಕ್ಕೆ ಭೂಮಿ ಬಿಟ್ಟ ಆ ಧರ್ಮಿಷ್ಠನು ಕ್ರಿಸ್ತನ ಹೆಸರನ್ನು ಕೇಳದಿದ್ದುದು ಅವನ ಅಪರಾಧವೇ? ಹಳೆಯ ಉತ್ತರಗಳು ಇಲ್ಲಿ ಕಠಿಣವಾಗಿದ್ದವು. 1964ರಲ್ಲಿ ವ್ಯಾಟಿಕನ್ನಿನ ಎರಡನೆಯ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆದವರಿಗೂ ರಕ್ಷಣೆ ಸಾಧ್ಯವೆಂದು ಸ್ಪಷ್ಟವಾಗಿ ಹೇಳಿತು. 1953ರಲ್ಲಿ ಸ್ಥಾಪಿತವಾದ ಬೆಳಗಾವಿಯ ಕ್ಯಾಥೊಲಿಕ್ ಧರ್ಮಪ್ರಾಂತಕ್ಕೂ ಆ ಮಾತು ಅನ್ವಯಿಸುತ್ತದೆ. ಪ್ರಾಟೆಸ್ಟೆಂಟರಲ್ಲಿ ಕಾರ್ಲ್ ಬಾರ್ತ್ 1942ರಲ್ಲಿ, ದೇವರು ಆರಿಸಿದ್ದು ಈ ಮನುಷ್ಯ ಆ ಮನುಷ್ಯನೆಂದಲ್ಲ, ಕ್ರಿಸ್ತನನ್ನು, ಅವನಲ್ಲಿ ಮನುಷ್ಯಕುಲವನ್ನು ಎಂದು ಇಡೀ ಪ್ರಶ್ನೆಯನ್ನೇ ತಿರುಗಿಸಿ ಇಟ್ಟನು.

ಈ ತೊಡಕು ಕ್ರೈಸ್ತರದಷ್ಟೇ ಎಂದು ತಿಳಿಯಬಾರದು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರಲ್ಲಿ ಮೂರು ಬಗೆಯನ್ನು ಹೇಳಿದ ಮಧ್ವಾಚಾರ್ಯರು ನಮ್ಮ ನಾಡಿನವರೇ. ಆದರೆ ಅಲ್ಲಿ ಯೋಗ್ಯತೆ ಜೀವನ ಅನಾದಿ ಸ್ವಭಾವ. ದೇವರು ಅದನ್ನು ಹೊಸದಾಗಿ ಹೊರಿಸುವುದಿಲ್ಲ. ಶ್ರೀವೈಷ್ಣವರಲ್ಲಿಯೂ ತಾಯಿಯನ್ನು ಅಪ್ಪಿ ಹಿಡಿದ ಕೋತಿಮರಿ, ತಾಯಿ ಕಚ್ಚಿ ಒಯ್ಯುವ ಬೆಕ್ಕಿನಮರಿ ಎಂದು ಎರಡು ಪಕ್ಷಗಳುಂಟು. ವೆಸ್ಲಿ ಕೋತಿಮರಿಯ ಕಡೆಗೆ ತುಸು ವಾಲಿದವನೆಂದರೆ ದೊಡ್ಡ ತಪ್ಪಾಗದು.

ಕುಂಬಾರನ ವಿಷಯದಲ್ಲಿ ಒಂದು ಮಾತು ಉಳಿದಿದೆ. ಆ ಉಪಮೆ ಪೌಲನು ಹುಟ್ಟಿಸಿದ್ದಲ್ಲ. ಅವನಿಗಿಂತ ಆರು ಶತಮಾನ ಹಿಂದಿನ ಪ್ರವಾದಿ ಯೆರೆಮೀಯನಲ್ಲಿ ಅದಿದೆ. ಅಲ್ಲಿ ತಿಗರಿಯ ಮೇಲಿನ ಗಡಿಗೆ ಕೆಡುತ್ತದೆ. ಕುಂಬಾರನು ಅದನ್ನು ಎಸೆಯುವುದಿಲ್ಲ. ಅದೇ ಮಣ್ಣನ್ನು ಮುದ್ದೆ ಮಾಡಿ ಬೇರೊಂದು ಪಾತ್ರೆ ಎತ್ತುತ್ತಾನೆ. ಜನಾಂಗವು ಕೇಡನ್ನು ಬಿಟ್ಟು ತಿರುಗಿದರೆ ದೇವರೂ ತೀರ್ಮಾನ ಬದಲಿಸುವನೆಂದು ಅಲ್ಲಿನ ತಾತ್ಪರ್ಯ. ಮುಂದಿನ ಅಧ್ಯಾಯದಲ್ಲಿಯೋ, ಸುಟ್ಟ ಕೂಜೆಯನ್ನು ಒಡೆದು, ಇದು ಮತ್ತೆ ಕೂಡದೆಂದು ತೋರಿಸುತ್ತಾನೆ. ಹಸಿಮಣ್ಣು ಒಂದು, ಆವಿಗೆಯಿಂದ ಬಂದುದು ಇನ್ನೊಂದು; ಈ ಭೇದವನ್ನು ಖಾನಾಪುರದ ಯಾವ ಕುಂಬಾರನೂ ಬಲ್ಲ. ಪೌಲನನ್ನು ಯೆರೆಮೀಯನ ಜೊತೆಗಿಟ್ಟು ಓದಿದರೆ ಕ್ಯಾಲ್ವಿನನ ಬಿಗುವು ಬಹಳ ಮಟ್ಟಿಗೆ ಸಡಿಲುತ್ತದೆ ಎಂದು ನನಗೆ ತೋರುತ್ತದೆ. ಪೌಲನೂ ಹನ್ನೊಂದನೆಯ ಅಧ್ಯಾಯಕ್ಕೆ ಬರುವಾಗ ಎಲ್ಲರಿಗೂ ಕರುಣೆ ತೋರುವ ದೇವರನ್ನು ಕುರಿತೇ ಮಾತಾಡುತ್ತಾನೆ.

ಕ್ಯಾಥೊಲಿಕರಲ್ಲಿಯೂ ಈ ವ್ಯಾಜ್ಯ ಇಲ್ಲದಿಲ್ಲ. ಬೆಳಗಾವಿಯ ಸಂತ ಪೌಲರ ಶಾಲೆಯನ್ನು ನಡೆಸುವ ಜೆಸುಯಿಟರ ಪಂಗಡದ ಮೊಲಿನಾ 1588ರಲ್ಲಿ ಲಿಸ್ಬನ್ನಿನಲ್ಲಿ ಒಂದು ಗ್ರಂಥ ಪ್ರಕಟಿಸಿ, ಯಾವ ಸಂದರ್ಭದಲ್ಲಿ ಯಾರು ಸ್ವೇಚ್ಛೆಯಿಂದ ಏನು ಮಾಡುವರೆಂಬುದನ್ನು ದೇವರು ಬಲ್ಲನೆಂದೂ, ಆಯ್ಕೆಗೂ ಸ್ವಾತಂತ್ರ್ಯಕ್ಕೂ ವಿರೋಧವಿಲ್ಲವೆಂದೂ ವಾದಿಸಿದ. ಡೊಮಿನಿಕನ್ನರು ಇದನ್ನು ಪಾಷಂಡವೆಂದರು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಐದನೆಯ ಪೌಲ್ ಪೋಪರು, ಒಬ್ಬರು ಇನ್ನೊಬ್ಬರನ್ನು ಪಾಷಂಡಿಗಳೆನ್ನಬಾರದು, ತೀರ್ಪನ್ನು ಸಕಾಲದಲ್ಲಿ ಪ್ರಕಟಿಸುತ್ತೇವೆ ಎಂದು ಎರಡೂ ಪಕ್ಷದವರನ್ನು ಮನೆಗೆ ಕಳುಹಿಸಿದರು. ಆ ತೀರ್ಪು ಇನ್ನೂ ಪ್ರಕಟವಾಗಿಲ್ಲ.