ಬಾವಿಯ ನೀರು ಸೀಮೆಎಣ್ಣೆ ನಾರಿದರೆ ಮಾದರಿ ತೆಗೆಯುವ ಬಗೆ



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳವರಿಗೆ ನೀರಿನ ಪರೀಕ್ಷೆ ಹೊಸದಲ್ಲ. ಫ್ಲೋರೈಡಿನಿಂದ ಹಲ್ಲು ಕಂದಿದವರು, ಕೀಲು ಬಿಗಿದವರು ನಮ್ಮ ನಡುವೆಯೇ ಇದ್ದಾರೆ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದೆಂಬುದೂ ಬಹುಮಂದಿಗೆ ತಿಳಿದಿದೆ. ಆದರೆ ಡೀಸೆಲ್, ಪೆಟ್ರೋಲ್ ಸೇರಿದ ನೀರಿನ ಮಾತೇ ಬೇರೆ. ಫ್ಲೋರೈಡಿಗೆ ಸರಿಯಾದ ಮಾದರಿ ಎಣ್ಣೆಯ ಪರೀಕ್ಷೆಗೆ ತಪ್ಪಾಗುವುದು. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ.

ಹೆದ್ದಾರಿಯ ಬದಿಯ ಒಂದು ಊರಿನಲ್ಲಿ ಬೋರಿನ ನೀರು ಸೀಮೆಎಣ್ಣೆ ನಾರುತ್ತಿದೆಯೆಂದು ಕರೆ ಬಂತು. ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಮುಕ್ಕಾಲು ತುಂಬಿ, ಏಪ್ರಿಲ್ ಬಿಸಿಲಿನಲ್ಲಿ ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ವರದಿಯಲ್ಲಿ ಎಣ್ಣೆ ಕಾಣಲಿಲ್ಲ. ಊರವರು ನಂಬಿ ಮತ್ತೆ ಆ ನೀರನ್ನೇ ಕುಡಿದರು. ಹದಿನೈದು ದಿನಗಳ ಮೇಲೆ ಅಜ್ಜಿಯೊಬ್ಬರು ತಂಬಿಗೆಯನ್ನು ನನ್ನ ಮುಂದೆ ಹಿಡಿದು, "ಕಾಗದದಾಗೆ ಚೆನ್ನಾಗೈತೆ ಅಂತೀಯಲ್ಲ, ನೀನೇ ಒಂದು ಗುಟುಕು ಕುಡಿಯಪ್ಪಾ ನೋಡಾನ" ಎಂದರು. ನನ್ನಿಂದ ಕುಡಿಯಲಾಗಲಿಲ್ಲ.

ಆದದ್ದು ಇಷ್ಟೇ. ಪೆಟ್ರೋಲು, ಡೀಸೆಲು ನೀರಿಗಿಂತ ಹಗುರ. ಅಂತರ್ಜಲದ ಮೇಲೆ ತೇಲುತ್ತವೆ. ಅವುಗಳಲ್ಲಿರುವ ಬೆಂಜೀನ್ ಎಂಬ ಅಂಶ ಸ್ವಲ್ಪ ಮಟ್ಟಿಗೆ ನೀರಿನಲ್ಲಿ ಕರಗುವುದು, ಗಾಳಿ ಸಿಕ್ಕರೆ ಹಾರಿಹೋಗುವುದು. ರಕ್ತದ ಕ್ಯಾನ್ಸರ್ ತರುವಂಥದು ಇದು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಿಟ್ಟ ಮಿತಿ ಲೀಟರಿಗೆ ಕೇವಲ 0.01 ಮಿಲಿಗ್ರಾಂ. ನನ್ನ ಕ್ಯಾನಿನ ಖಾಲಿ ಭಾಗಕ್ಕೆ ಅದು ಹಾರಿತ್ತು. ಉಳಿದ ಎಣ್ಣೆ ಪ್ಲಾಸ್ಟಿಕ್ಕಿಗೆ ಹಿಡಿದಿತ್ತು.

ಹಾಗಾದರೆ ಮಾದರಿ ತೆಗೆಯುವುದು ಹೇಗೆ? ಮೋಟಾರು ಹಾಕುವ ಮೊದಲೇ ಹಗ್ಗ ಕಟ್ಟಿದ ಗಾಜಿನ ಸೀಸೆಯನ್ನು ನೀರಿನ ಮೇಲ್ಮಟ್ಟಕ್ಕೆ ಇಳಿಸಿ, ಎಣ್ಣೆಯ ಪದರ ತೇಲುತ್ತಿದೆಯೇ ನೋಡಿ. ಬಳಿಕ ನಿಂತ ನೀರನ್ನು ಹೊರಹಾಕಬೇಕು. ಆರೂವರೆ ಅಂಗುಲದ ಬೋರಿನಲ್ಲಿ ಒಂದು ಅಡಿ ನೀರೆಂದರೆ ಸುಮಾರು ಆರೂವರೆ ಲೀಟರು. ನೂರು ಅಡಿ ನೀರಿದ್ದರೆ 650 ಲೀಟರು. ಅದರ ಮೂರರಷ್ಟು, ಅಂದರೆ 200 ಲೀಟರಿನ ಡ್ರಮ್ಮು ಹತ್ತು ತುಂಬುವಷ್ಟು, ಹರಿಯಬಿಡಿ. ಆಮೇಲೆ ತೊಟ್ಟಿಗೆ ಬೀಳುವ ಮುಂಚಿನ ನಲ್ಲಿಯಿಂದ ಸಣ್ಣ ಧಾರೆಯಾಗಿ ಹಿಡಿಯಿರಿ.

ಬೆಂಜೀನಿಗೆ ಕಂದುಬಣ್ಣದ ಚಿಕ್ಕ ಗಾಜಿನ ಸೀಸೆ ಬೇಕು. ತುಂಬಿ ತುಳುಕಿದ ಮೇಲೆ ಮುಚ್ಚಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿರಿ. ಒಂದು ಗುಳ್ಳೆ ಕಂಡರೂ ಮತ್ತೆ ಹಿಡಿಯಬೇಕು. ಡೀಸೆಲಿಗೆ ಬೇರೊಂದು ಲೀಟರಿನ ಗಾಜಿನ ಸೀಸೆ. ಇದನ್ನು ಅದೇ ನೀರಿನಿಂದ ತೊಳೆಯಬಾರದು. ತೊಳೆದರೆ ಗಾಜಿಗೆ ಅಂಟಿದ ಎಣ್ಣೆಯೂ ಲೆಕ್ಕಕ್ಕೆ ಸೇರಿ ವರದಿ ತಪ್ಪುವುದು. ಎರಡನ್ನೂ ಐಸಿನಲ್ಲಿಟ್ಟು ಆದಷ್ಟು ಬೇಗ ಪ್ರಯೋಗಶಾಲೆಗೆ ತಲುಪಿಸಿ. ಗಾಡಿಗೆ ಪೆಟ್ರೋಲು ಹಾಕಿದ ಕೈಯಿಂದ ಸೀಸೆ ಮುಟ್ಟಬೇಡಿ.

ಮಣ್ಣಿನ ವಿಷಯದಲ್ಲೂ ನಿಮ್ಮ ರೂಢಿಯನ್ನು ಮರೆಯಬೇಕು. ಗೊಬ್ಬರದ ಶಿಫಾರಸಿಗೆ ಹೊಲದ ಹತ್ತು ಹದಿನೈದು ಕಡೆಯ ಮಣ್ಣನ್ನು ಬೆರೆಸಿ ನೆರಳಿನಲ್ಲಿ ಆರಿಸುತ್ತೀರಿ. ಇಲ್ಲಿ ಬೆರೆಸಿದರೂ ತಪ್ಪು, ಆರಿಸಿದರೂ ತಪ್ಪು. ಗುಂಡಿಯ ಮೇಲ್ಮೈ ಕೆರೆದು ತೆಗೆದು, ಹೊಸ ಮಣ್ಣನ್ನು ಪ್ರತಿ ಆಳದಿಂದಲೂ ಬೇರೆ ಬೇರೆಯಾಗಿ ಗಾಜಿನ ಜಾಡಿಗೆ ಒತ್ತಿ ತುಂಬಿರಿ. ಎಣ್ಣೆ ಸೋಕದ ಮೇಲುಭಾಗದ ಹೊಲದಿಂದಲೂ ಒಂದು ಜಾಡಿ ಬೇಕು. ಅದಿಲ್ಲದೆ ಹೋಲಿಸುವುದು ಯಾವುದರೊಡನೆ?

ನಮ್ಮದು ಗಟ್ಟಿ ಬಂಡೆಯ ಸೀಮೆ. ನೀರಿನಂತೆ ಎಣ್ಣೆಯೂ ಬಂಡೆಯ ಸೀಳು ಹಿಡಿದು ಹೋಗುವುದು. ಬಂಕಿಗೆ ಅಂಟಿಕೊಂಡ ಬೋರು ಶುದ್ಧವಾಗಿದ್ದು ದೂರದ್ದು ಕೆಟ್ಟಿರಬಹುದು. ಆದುದರಿಂದ ಇಳಿಜಾರಿನ ಮೇಲಿನ, ಕೆಳಗಿನ ಬಾವಿಗಳನ್ನೂ ನೋಡಬೇಕು. ತಲಪರಿಗೆಗಳಿರುವ ಕಡೆ ಇನ್ನೂ ಎಚ್ಚರ ಬೇಕು. ಅಲ್ಲಿ ನೀರು ಮೇಲೆಯೇ ಜಿನುಗುವುದರಿಂದ ಚೆಲ್ಲಿದ ಎಣ್ಣೆ ಬೇಗ ತಲುಪುತ್ತದೆ. ಡೀಸೆಲ್ ಡ್ರಮ್ಮನ್ನು ಅದರ ದಡದಲ್ಲಿ ಇಡುವವರನ್ನು ಕಂಡಿದ್ದೇನೆ.

ಬಾವಿಯಿಂದ ವಾಸನೆ ಬಂದರೆ ಒಳಗೆ ಇಳಿಯಲೇಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ನಿಂತಿರುತ್ತದೆ. ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ತರಬೇಡಿ. ಆ ನೀರನ್ನು ಕುದಿಸಿ ಕುಡಿದರಾಯಿತೆಂದೂ ಎಣಿಸಬೇಡಿ.

ಪಂಚಾಯತಿಯ ಪರೀಕ್ಷಾ ಪೆಟ್ಟಿಗೆಯಲ್ಲಿ ಫ್ಲೋರೈಡು, ಗಡಸುತನ ತಿಳಿಯುವುದು, ಎಣ್ಣೆ ತಿಳಿಯದು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ತುಮಕೂರಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳುಹಿಸಿ. ವಾಸನೆ ಮೊದಲು ಬಂದ ದಿನ, ಬೋರಿನ ಆಳ, ಮಳೆ ಬಿದ್ದ ಮೇಲೆ ಹೆಚ್ಚಿತೋ ತಗ್ಗಿತೋ, ಇವನ್ನು ಬರೆಯಿರಿ. ಆ ಅಜ್ಜಿಯ ಊರಿಗೆ ಈ ಸಲ ಗಾಜಿನ ಸೀಸೆ, ಐಸಿನ ಪೆಟ್ಟಿಗೆಯೊಡನೆ ಹೋಗಿ ಹೊಸ ಮಾದರಿ ತಂದಿದ್ದೇನೆ. ವರದಿ ಬರುವವರೆಗೆ ಅಲ್ಲಿಯವರು ಮೇಲಿನ ಹೊಲದ ಬೋರಿನಿಂದ ಕುಡಿಯುವ ನೀರು ತರುತ್ತಿದ್ದಾರೆ.