ಡಬ್ಬ ಹಳೇದು, ಬೋರ್ಡು ಹೊಸದು: ದುಡ್ಡು ಕೊಡುವ ಮುನ್ನ ಅಳತೆ ಕೇಳಿ!

ಇಟ್ಟಿಗಿ: ಲಾರಿಯ ಬಾಡಿ ಗಟ್ಟಿ ಇದ್ದರೆ ಇಂಜಿನ್ ಒಂದನ್ನೇ ಬದಲಿಸಿ ಓಡಿಸುವುದು ನಮ್ಮ ಕಡೆ ಹೊಸ ಮಾತೇನಲ್ಲ. ಆದರೆ ಅಂಗಡಿಯ ಕಂಪ್ಯೂಟರ್ ಕೆಟ್ಟು ನಿಂತರೆ ಮಾತ್ರ ಡಬ್ಬದ ಸಮೇತ ಗುಜರಿಗೆ! ಇದ್ಯಾವ ನ್ಯಾಯ?

ಹಡಗಲಿ ತಾಲ್ಲೂಕಿನ ಈ ಊರಿನಿಂದ ಕೆಟ್ಟ ಕಂಪ್ಯೂಟರನ್ನು ಹೊತ್ತು ಹಡಗಲಿಗೋ ಹೊಸಪೇಟೆಗೋ ಬಸ್ಸು ಹತ್ತಿದರೆ ಆ ದಿನದ ವ್ಯಾಪಾರ ಬಂದ್. ಅದರ ಮೇಲೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತ ಮೇಲೆ, “ಇದು ಮುಗೀತು ಯಜಮಾನ್ರ, ಹೊಸಾದ ತಗೋರಿ” ಎನ್ನುವುದು ಸುಲಭದ ಮಾತಾಗಿದೆ. ಒಳಗಿನ ಬೋರ್ಡು ಮುಗಿದಿರಬಹುದು. ತಗಡಿನ ಡಬ್ಬಕ್ಕೆ ಏನಾಗಿದೆ?

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆ ಗೊತ್ತು ಮಾಡಿತು. ದೊಡ್ಡ ಬೋರ್ಡು 12 ಇಂಚು ಉದ್ದ, 9.6 ಇಂಚು ಅಗಲ. ಅದರ ತಮ್ಮ ಮೈಕ್ರೋ ಎಟಿಎಕ್ಸ್, 9.6 ಇಂಚಿನ ಚೌಕ. ದೊಡ್ಡ ಡಬ್ಬದಲ್ಲಿ ತಮ್ಮ ಕೂರುತ್ತಾನೆ, ಸಣ್ಣ ಡಬ್ಬದಲ್ಲಿ ಅಣ್ಣ ಕೂರಲಾರ. ಬಿಡಿ ಭಾಗ ಜೋಡಿಸಿದ ಸೆಟ್ಟುಗಳಿಗೆ ಸಾಮಾನ್ಯವಾಗಿ ಇದೇ ಲೆಕ್ಕ. ಕಂಪನಿಯ ರೆಡಿ ಸೆಟ್ಟುಗಳಲ್ಲಿ ಕೆಲವಕ್ಕೆ ತಮ್ಮದೇ ಅಳತೆ, ತಮ್ಮದೇ ಸ್ವಿಚ್ಚಿನ ವೈರು. ಅಲ್ಲಿ ಈ ಆಟ ನಡೆಯದು.

ಅಳತೆ ಕೂಡಿತೆಂದು ಕೂಡಲೇ ಸ್ಕ್ರೂ ಬಿಗಿಯಬೇಡಿ. ಡಬ್ಬದೊಳಗೆ ಬೋರ್ಡನ್ನು ತಗಡಿನಿಂದ ಎತ್ತಿ ನಿಲ್ಲಿಸುವ ಹಿತ್ತಾಳೆಯ ಸಣ್ಣ ಕಾಲುಗಳಿರುತ್ತವೆ. ಹೊಸ ಬೋರ್ಡಿಗೆ ತೂತಿಲ್ಲದ ಕಡೆ ಹಳೇ ಕಾಲು ಉಳಿಯಿತೋ, ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್! ಹೊಸದೂ ಸುಟ್ಟೀತು. ಬೇಡದ ಕಾಲು ಬಿಚ್ಚಿಸಿ.

ಇನ್ನು ಎಸ್‌ಎಂಪಿಎಸ್. ಬಹಳ ಹಳೆಯದಾದರೆ ಅದರ ಪ್ಲಗ್ಗು 20 ಪಿನ್ನಿನದು. ಇಂದಿನ ಬೋರ್ಡಿಗಿರುವುದು 24 ಪಿನ್, ಜೊತೆಗೆ ಪ್ರೊಸೆಸರಿಗೆ ಬೇರೆ ಪ್ಲಗ್ಗು. ವರ್ಷಗಟ್ಟಲೆ ಧೂಳು ಕುಡಿದ ಎಸ್‌ಎಂಪಿಎಸ್ ಇದ್ದರೆ ಬದಲಿಸುವುದೇ ಲೇಸು. ಡಿಡಿಆರ್3 ರ‍್ಯಾಮು ಡಿಡಿಆರ್4 ಬೋರ್ಡಿಗೆ ಹತ್ತದು. ಹಳೇ ಪ್ರೊಸೆಸರೂ ಹೊಂದುವುದು ಅಪರೂಪ. ಆದ್ದರಿಂದ ಬೋರ್ಡಿನ ರೇಟಷ್ಟೇ ಕೇಳಿ ಖುಷಿಪಡಬೇಡಿ. ಬೋರ್ಡು, ಪ್ರೊಸೆಸರ್, ರ‍್ಯಾಮು, ಎಸ್‌ಎಂಪಿಎಸ್ ನಾಲ್ಕನ್ನೂ ಕೂಡಿಸಿ, ಹೊಸ ಸೆಟ್ಟಿನ ರೇಟಿನ ಪಕ್ಕ ಇಟ್ಟು ನೋಡಿ. ಉಳಿತಾಯ ಕಂಡರೆ ಮಾತ್ರ ಕೈ ಹಾಕಿ.

ಕೊನೇ ಮಾತು. ಡಬ್ಬ ಬಿಚ್ಚುವ ಮೊದಲೇ ಹಾರ್ಡ್ ಡಿಸ್ಕಿನಲ್ಲಿರುವ ಲೆಕ್ಕವನ್ನೆಲ್ಲ ಬೇರೆ ಕಡೆ ನಕಲು ಮಾಡಿಸಿ. ಡಬ್ಬ ಹೋದರೆ ಇನ್ನೊಂದು ಸಿಕ್ಕೀತು. ಉದ್ರಿ ಲೆಕ್ಕ ಹೋದರೆ ವಸೂಲಿ ಹೆಂಗ?